ತಕ್ಕಡಿಯ ಪಕ್ಕದ ಚಾಪೆ

ಜೂನ್ 11, 2012. ಬೆಳಿಗ್ಗೆ

ಹತ್ತಿಯ ಕಸ ಆರಿಸಿದ್ದಾಯಿತು. ಹತ್ತೊಂಬತ್ತು ಮೂಟೆ. ಜೂನ್ ಚಳಿಗೆ ಬೆರಳು ಸೆಟೆದಿವೆ. ಬೆಲೆ ಹೋದ ವರ್ಷದ ಅರ್ಧ. ಹತ್ತಿ ಕೊಳ್ಳುವ ಎರಡು ಕಂಪನಿಗಳು ಗೋದಾಮಿಗೆ ಬೀಗ ಹಾಕಿ ಹೋದವು. ಉಳಿದದ್ದು ಒಂದು. ಅದರ ಹೊಸ ಪದ್ಧತಿ — ಊರಿಗೊಬ್ಬನೇ ಏಜೆಂಟ್. ನಮ್ಮೂರಿಗೆ ನನ್ನ ಅಳಿಯ ಮಸೌಸೊ.

ಅವನಿರುವುದು ನನ್ನ ನೆಲದಲ್ಲಿ, ನನ್ನ ಮಗಳ ಮನೆಯಲ್ಲಿ. ಹನ್ನೊಂದು ವರ್ಷದಲ್ಲಿ ನಾವು ಒಂದು ಮಾತೂ ಆಡಿಲ್ಲ. ನಮ್ಮ ಕಟ್ಟಿನಲ್ಲಿ ಅತ್ತೆ-ಅಳಿಯ ಮಾತಾಡಬಾರದು. ಅತ್ತೆ ಎದುರಾದರೆ ಅಳಿಯ ದಾರಿ ಬಿಟ್ಟು ಹುಲ್ಲಿಗಿಳಿಯಬೇಕು. ಇಳಿಯುತ್ತಾನೆ. ಅಷ್ಟು ಮರ್ಯಾದೆ ಇದೆ.

ಜೂನ್ 14

ಮೂಟೆ ಒಯ್ದ ತಂಗಿಯ ಮಗ ಮಬ್ವುಟೊ ತುಂಬಿದ ಗಾಡಿ ಸಮೇತ ವಾಪಸು ಬಂದ.

"ದೊಡ್ಡಮ್ಮಾ, ಕಂಪನಿಯದೇ ಗೊಬ್ಬರದ ಚೀಲ, ಹೊಲಿಗೆ ಬಿಚ್ಚಿಲ್ಲ, ಐವತ್ತು ಕಿಲೋದ್ದು. ಅವನ ತಕ್ಕಡಿಗೆ ಹಾಕ್ದೆ. ನಲವತ್ಮೂರು ತೋರಿಸ್ತು."

"ಏನಂದ?"

"ಗೊಬ್ಬರ ಒಣಗಿದೆ ಅಂದ."

ಎಲ್ಲರೂ ನಕ್ಕರಂತೆ. ನನಗೆ ನಗು ಬರಲಿಲ್ಲ. ಮಗಳು ತಿಸೌಕೆಯ ಮೂಲಕ ಹೇಳಿಕಳಿಸಿದೆ — ತಕ್ಕಡಿ ಸರಿಮಾಡಲಿ. ಉತ್ತರ ಬಂತು: "ಬೇಡವಾದ್ರೆ ಬಿಡ್ಲಿ. ಬೇರೆ ಯಾರು ಕೊಳ್ತಾರೆ?"

ಸರಿ.

ಜೂನ್ 15

ಚಾಪೆ ಸುತ್ತಿಕೊಂಡು ಹೋದೆ. ತಕ್ಕಡಿ ತೂಗುಹಾಕಿದ ಮಾವಿನ ಮರದಡಿಯೇ ಹಾಸಿ ಕೂತೆ. ನಾನಿರುವ ತನಕ ಅಳಿಯ ಅದರ ಹತ್ತಿರ ಬರುವಂತಿಲ್ಲ. ಕಿರಿಯ ಮಗಳು ಡೈಲೆಸಿ ನೀರು, ಕಡಲೆಕಾಯಿ ತಂದಳು.

ಅಳಿಯ ಬಂದ. ಕಂಡ. ಸೈಕಲ್ ಸಮೇತ ಹುಲ್ಲಿಗಿಳಿದ! ಹೆಂಗಸರು ಕೇಕೆ ಹಾಕಿದರು. "ಏನ್ ಏಜೆಂಟ್ರೇ, ಮೊಲ ಹಿಡೀತಿದ್ದೀರಾ?"

ಕಡಲೆಕಾಯಿ ಸುಲಿಯುತ್ತಿದ್ದೆ. ತಲೆ ಎತ್ತಲಿಲ್ಲ.

ಜೂನ್ 23

ಒಂಬತ್ತನೆಯ ದಿನ. ಕಂಪನಿಯ ಲಾರಿ ಖಾಲಿ ಹೋಯಿತು.

ತಿಸೌಕೆ ಬಂದು ಅತ್ತಳು. "ಸಾಕು ಮಾಡಮ್ಮಾ. ಅವರ ಕೆಲ್ಸ ಹೋಗತ್ತೆ."

"ತಕ್ಕಡಿ ಸರಿ ಮಾಡಿದ್ನಾ?"

"ನಾಚಿಕೆಗೆ ಊಟ ಬಿಟ್ಟಿದ್ದಾರೆ."

"ಬಿಡ್ಲಿ. ಏಳು ಕಿಲೋ ಇಳೀಲಿ."

ಕಟುವಾಯಿತು. ಹಿಂದೆಗೆದುಕೊಳ್ಳುವುದಿಲ್ಲ.

ಜುಲೈ 6

ಕೆಲಸ ಹೋಯಿತು ಅವನದು. ಸೈಕಲ್ಲಿಗೆ ಬಟ್ಟೆಗಂಟು ಕಟ್ಟಿ ತನ್ನ ತಾಯಿಯ ಊರಿಗೆ ಹೋದ. ಮನೆ, ಮಕ್ಕಳು ಇಲ್ಲೇ — ನಮ್ಮಲ್ಲಿ ಅವು ತಾಯಿಯ ಕಡೆಗೆ.

ತಿಸೌಕೆ ಮಾತು ಬಿಟ್ಟಿದ್ದಾಳೆ. ನನ್ನ ನ್ಸಿಮಾ ಮುದ್ದೆಯ ತಟ್ಟೆಯನ್ನು ಹೊಸಿಲಲ್ಲಿಟ್ಟು, ಮುಖ ತಿರುಗಿಸಿ ಹೋದಳು. ಅತ್ತೆ ಅಳಿಯನಿಗೆ ಇಡುವ ಹಾಗೇ.

ಜುಲೈ 9

ಹೊಸ ಏಜೆಂಟ್, ಲೆವಿಸನ್. ಕಟೇಟೆ ಪೇಟೆಯಿಂದ ಬಂದವನು. ತಕ್ಕಡಿ ಅದೇ. ಗೊಬ್ಬರದ ಚೀಲ ಹಾಕಿಸಿದೆ — ನಲವತ್ಮೂರು.

ಚಾಪೆ ಹಾಸಿದೆ.

"ಅಜ್ಜೀ, ನೆರಳು ಸಾಕಾ? ಕೂತ್ಕೊಳ್ಳಿ, ಕೂತ್ಕೊಳ್ಳಿ!" ಕಣ್ಣಲ್ಲಿ ಕಣ್ಣಿಟ್ಟು ಅಂದ. ನನ್ನ ತಲೆಯ ಮೇಲಿಂದಲೇ ಕೈ ಚಾಚಿ ಮೂಟೆ ಏರಿಸಿದ. ಅವನಿಗೆ ನಾನು ಅತ್ತೆಯಲ್ಲವಲ್ಲ.

ಊರು ತೂಗಿಸಿತು. ನನಗಾಗಿ ಮೂರು ವಾರ ಕಾದಿದ್ದರು, ಬಯ್ಯಲಾರೆ. ನನ್ನ ಮೂಟೆಗಳು ಮನೆಯಲ್ಲೇ ಇವೆ. ಮಬ್ವುಟೊ ಹೇಳುತ್ತಾನೆ — ಮುಂದಿನ ಮಳೆಗೆ ಸೂರ್ಯಕಾಂತಿ ಹಾಕೋಣ, ಎಣ್ಣೆ ನಾವೇ ತೆಗೀಬಹುದು. ಹಾಕೋಣ. ಆದರೆ ಆ ತಕ್ಕಡಿ ಮೊದಲು.

ಜುಲೈ 12, ಸಂಜೆ

ವಿಚಾರಿಸಿದೆ. ಲೆವಿಸನ್ ನಮ್ಮ ಜನವೇ. ಅಜ್ಜಿ ಸಾಕಿದವನು, ಅತ್ತೆ-ಅಳಿಯರ ಕಟ್ಟು ಬಲ್ಲವನು. ಮದುವೆಯಾಗಿಲ್ಲ.

ಇವತ್ತು ಅವನಿಗೆ ಊಟ ಕಳಿಸಿದೆ. ಕೋಳಿ. ಒಯ್ದವಳು ಡೈಲೆಸಿ. ಖಾಲಿ ತಟ್ಟೆ ತರಲು ಬಹಳ ಹೊತ್ತು ಮಾಡಿದಳು. ಕೇಳಲಿಲ್ಲ.

ಚಾಪೆಯ ಅಂಚು ಹರಿದಿತ್ತು, ಹೆಣೆದಿಟ್ಟೆ. ಮದುವೆ ಒಂದು ಆಗಲಿ. ಆಮೇಲೆ —