ಎರಡು ಬಣ್ಣದ ಒಂದು ಪರದೆ

ಗುರುವಾರ, ಬೆಳಿಗ್ಗೆ

ಮುದ್ದು ಮಗಳಿಗೆ ಅಮ್ಮನ ತುಂಬು ಹರಕೆ.

ಇವತ್ತು ನನ್ನ ಉಪವಾಸ. ಅಂಗಳ ಗುಡಿಸಿ, ನೀರು ತುಂಬಿಸಿ, ಬಟ್ಟೆ ಒಗೆದು ಹರವಿ, ದೇವರಿಗೆ ದೀಪ ಹಚ್ಚಿ ಕೂತಿದ್ದೇನೆ. ಒಲೆಯ ತಾಪತ್ರಯವಿಲ್ಲ, ಅದಕ್ಕೇ ಕಾಗದ ಉದ್ದವಾದೀತು. ನಿನ್ನೆ ಉಳಿದದ್ದನ್ನು ಬಿಸಿ ಮಾಡಿಕೊಂಡು ಉಂಡ ನಿನ್ನಪ್ಪ, ನಿನ್ನ ದೇವರು ನನ್ನನ್ನೂ ಉಪವಾಸ ಕೆಡವುತ್ತಾನೆ ಅಂತ ಗೊಣಗಿ ಹೋದರು.

ನಿನ್ನ ಜೊತೆ ಹೊಲಿಯುವ ಆ ಗುಂಡುಸೂಜಿ ಹೆಂಗಸಿನೊಡನೆ ಹೆಣಗಿದ್ದು ಸಾಕು, ಹೊಲಿಗೆ ಬಿಟ್ಟು ನಮ್ಮ ಮನೆಗೆ ಬಂದುಬಿಡು ಅಂತ ಬರೆದಿದ್ದೆಯಲ್ಲ. ನನಗೂ ಅರ್ಧ ಮನಸ್ಸಾಗಿತ್ತು. ಶಾಲೆಯ ರಂಗಮಂದಿರದ ಪರದೆ ಕೆಟ್ಟರೆ ಮುಂದಿನ ಕೆಲಸ ಇಬ್ಬರಲ್ಲಿ ಒಬ್ಬರಿಗೇ ಅಂತ ಅಂಗಡಿ ಯಜಮಾನರು ಹೇಳಿಬಿಟ್ಟಿದ್ದರು. ಆ ಒಬ್ಬಳು ನಾನಾಗಿರುವುದಿಲ್ಲ ಅಂತಲೇ ನನ್ನ ಲೆಕ್ಕ.

ನಮ್ಮಿಬ್ಬರ ಜಗಳ ನಿನಗೆ ಗೊತ್ತಿರುವುದೇ. ನಿನ್ನ ಹೊಲಿಗೆಯ ಸಂದಿನಲ್ಲಿ ಇಲಿ ಮರಿ ಹಾಕೀತು ಅಂದಳು. ನಿನ್ನ ಹೊಲಿಗೆ ನಿನ್ನ ನಾಲಿಗೆಯ ಹಾಗೆ, ಬಟ್ಟೆಯನ್ನೇ ಹರಿಯುತ್ತದೆ ಅಂದೆ. ಅಲ್ಲಿಗೆ ಮಾತು ನಿಂತಿತು. ಪರದೆಯ ಒಂದೊಂದು ಭಾಗವನ್ನು ಅವರವರ ಮನೆಗೆ ಒಯ್ದೆವು. ಏನಾದರೂ ಕೇಳಬೇಕಾದರೆ ನಡುವೆ ಅಂಗಡಿಯ ಇಸ್ತ್ರಿಯವನು.

ಮಖಮಲ್ಲಿಗೆ ಬೆಕ್ಕಿನ ಮೈಯಂತೆ ನವಿರು ಕೂದಲು ಇರುತ್ತದೆ. ಅದು ಕೆಳಮುಖವಾದರೆ ಬಟ್ಟೆ ಹೊಳೆಯುತ್ತದೆ, ಮೇಲ್ಮುಖವಾದರೆ ಬಣ್ಣ ಗಾಢವಾಗುತ್ತದೆ. ನಾನು ಕೆಳಮುಖ ಇಟ್ಟಿದ್ದೆ, ಅವಳು ಮೇಲ್ಮುಖ. ತೂಗುಹಾಕಿದರೆ ಒಂದೇ ಥಾನಿನ ಕೆಂಪು ಎರಡು ಬಣ್ಣ. ಇದು ಜೋಡಿಯೋ, ಸವತಿಯರೋ ಅಂದರು ಯಜಮಾನರು. ಹೀಗಿದ್ದರೆ ಧೂಳು ಕೂರುವುದಿಲ್ಲ ಅಂತ ನಾನು, ಹಾಗಿದ್ದರೇನೇ ಕಳೆ ಅಂತ ಅವಳು. ಅವಳು ಏತಿ ಅಂದರೆ ನಾನು ಪ್ರೇತಿ. ಒಬ್ಬರು ಯಾರಾದರೂ ಬಿಚ್ಚಿ ತಲೆಕೆಳಗು ಮಾಡಿ, ಯಾರು ಅಂತ ನೀವೇ ಮಾತಾಡಿಕೊಳ್ಳಿ ಅಂತ ಅವರು ಎದ್ದುಹೋದರು.

ನಾವು ಮಾತಾಡಲಿಲ್ಲ.

ಮನೆಗೆ ಬಂದು, ದೇವರೇ ಅವಳಿಗೆ ಒಳ್ಳೇ ಬುದ್ಧಿ ಕೊಡು ಅಂತ ಕೈಮುಗಿದೆ. ಕೊಟ್ಟದ್ದು ನನಗೆ. ಮೇಲಿನ ನೆರಿಗೆ, ಕೆಳಗಿನ ಮಡಿಕೆ ಎರಡನ್ನೂ ಬಿಚ್ಚಿ, ತಿರುಗಿಸಿ, ಮತ್ತೆ ಹೊಲಿದೆ. ಸೋತವಳೇ ದೊಡ್ಡವಳು ಅಂತ ಒಳಗೊಳಗೇ ಹಿಗ್ಗು ಬೇರೆ.

ತೂಗುಹಾಕಿದರೆ ಮತ್ತೆ ಎರಡು ಬಣ್ಣ. ಈಗ ನನ್ನದು ಗಾಢ, ಅವಳದು ಹೊಳೆಯುತ್ತಿತ್ತು. ಅವಳೂ ಮನೆಯಲ್ಲಿ ಕೂತು ತನ್ನದನ್ನು ತಿರುಗಿಸಿದ್ದಳು ಮಹಾತಾಯಿ.

ಯಜಮಾನರು ಮೆಟ್ಟಿಲ ಮೇಲೆ ಕುಸಿದು ಕೂತರು. ನೀನ್ಯಾಕೆ ಬಿಚ್ಚಿದೆ ಅಂತ ನಾನೇ ಮೊದಲು ಬಾಯಿ ತೆರೆದೆ. ಸೂಜಿಗೆ ದಾರ ಪೋಣಿಸಲೇ ಪರದಾಡುವ ಕಣ್ಣು ನಿನ್ನದು, ಕೆಂಪು ಬಟ್ಟೆಯ ಮೇಲಿನ ಕೆಂಪು ಹೊಲಿಗೆ ಯಾವ ಜನ್ಮಕ್ಕೆ ಬಿಚ್ಚೀಯೆ ಅಂತ ಬಿಚ್ಚಿದೆ ಅಂದಳು. ಬೈದ ಹಾಗೆಯೇ ಹೇಳಿದಳು. ನನಗೆ ಕಣ್ಣಲ್ಲಿ ನೀರು ಬರಬೇಕಿತ್ತು, ನಗು ಬಂತು. ಅವಳಿಗೂ ತಡೆಯಲಾಗಲಿಲ್ಲ. ಇಸ್ತ್ರಿಯವನಂತೂ ಹೊಟ್ಟೆ ಹಿಡಿದುಕೊಂಡ.

ಯಾರದು ಬಿಚ್ಚೋಣ ಅಂತ ಈ ಸಲ ಕೇಳಿಕೊಂಡೆವು. ನನ್ನದನ್ನೇ ಮೊದಲಿದ್ದ ಹಾಗೆ ಮಾಡಿದ್ದಾಯಿತು. ರಂಗದ ಮೇಲೆ ಎದುರುಬದುರು ಕೂತು ಅವಳು ಬಿಚ್ಚಿದಳು, ನಾನು ಹೊಲಿದೆ. ಇಲಿ ಈಗ ಸ್ವಲ್ಪ ಸಣ್ಣದಾಗಿದೆ ಅಂದಳು, ನನ್ನ ಹೊಲಿಗೆ ನೋಡಿ. ಅವಳಿಂದ ಅಷ್ಟು ಬಂದರೆ ಸನ್ಮಾನವೇ.

ಮುಂದಿನ ಕೆಲಸವೂ ಇಬ್ಬರಿಗೇ, ಕುರ್ಚಿಗಳ ಮೆತ್ತೆ. ಒಂದೇ ಕಡೆ ಕೂತು ಹೊಲಿಯಬೇಕು ಅಂತ ಯಜಮಾನರ ಕಟ್ಟಪ್ಪಣೆ. ಆದ್ದರಿಂದ ನಿನ್ನ ಮನೆಗೆ ಬರುತ್ತೇನೆ ಕಂದ, ಆದರೆ ನೆಂಟಳಾಗಿ. ಮಕ್ಕಳಿಗೆ ಮುತ್ತು ಕೊಡು.

ಸುಖವಾಗಿರುವ,
ನಿನ್ನ ಅಮ್ಮ

ಬಿಟ್ಟುಹೋದ ಮಾತು: ನನ್ನ ಮಂಡಿ ನೋವಿಗೆ ಅಂಚೆ ಕಚೇರಿ ದೂರವಾಯಿತು. ಈ ಕಾಗದ ಹಾಕುವವಳೂ, ನಿನ್ನದನ್ನು ತರುವವಳೂ ಅವಳೇ. ನಿನ್ನ ಉತ್ತರದಲ್ಲಿ ಗುಂಡುಸೂಜಿ ಅಂತ ಬರೆಯಬೇಡ, ಲಕೋಟೆ ಗಟ್ಟಿಯಾಗಿ ಅಂಟಿಸು. ಇನ್ನು ಈ ಸಾಲು ನಿನಗಲ್ಲ ಮಗಳೇ: ತಂಗೀ, ಇಲ್ಲಿಯವರೆಗೆ ಓದಿದ್ದೀಯ ಅಂತ ಗೊತ್ತು. ಮುಚ್ಚಿ ಡಬ್ಬಿಗೆ ಹಾಕು. ಉತ್ತರ ಬಂದ ದಿನ ತಂದುಕೊಡು, ಕೂತು ಹೋಗುವೆಯಂತೆ.