ಸಪ್ಪಳವಿಲ್ಲದ ಗಾಡಿ

ಬನಹಟ್ಟಿ
೧೧ ಫೆಬ್ರವರಿ ೨೦೨೫, ಮಂಗಳವಾರ

ಪ್ರೀತಿಯ ಗಿರಮಲ್ಲಣ್ಣನಿಗೆ ತಂಗಿ ಮಧುಮತಿಯ ನಮಸ್ಕಾರಗಳು.

ನನ್ನ ಅಕ್ಷರ ನೋಡಿ ನಗಬೇಡ. ಐದನೆಯ ತರಗತಿಗೆ ಸಾಲಿ ಬಿಟ್ಟವಳು ನಾನು. ಆಮೇಲೆ ಸಂತೆಯ ಚೀಟಿ ಬಿಟ್ಟು ಬೇರೇನೂ ಬರೆದಿಲ್ಲ. ಒತ್ತಕ್ಷರ ತಪ್ಪಿದ ಕಡೆ ನೀನೇ ಸರಿ ಮಾಡಿಕೊಂಡು ಓದು. ನನ್ನ ಪಾಟಿ ತಿದ್ದಿದವನೂ ನೀನೇ ಅಲ್ಲವೇ. ಐದು ತಿಂಗಳು ತಡವಾಗಿ ಬರೆಯುತ್ತಿರುವುದಕ್ಕೂ ಕ್ಷಮಿಸು. ನಾಲ್ಕು ಸಲ ಬರೆದು ಹರಿದಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನನಗೆ ಫೋನಿನಲ್ಲಿ ಹೂಂ ಅನ್ನುವುದು ಬಿಟ್ಟು ಬೇರೆ ಮಾತು ಬರುವುದಿಲ್ಲ.

ನಾವಿಲ್ಲಿ ಇದ್ದೇವೆ. ಅತ್ತೆಗೆ ಮೊಣಕಾಲು ನೋವು ಕಡಿಮೆಯಾಗಿದೆ. ನಾನು ಮೊದಲಿನಂತೆ ಮನೆಯಲ್ಲೇ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತುತ್ತೇನೆ. ನಮ್ಮವರ ಜಮಖಂಡಿಯ ಗ್ಯಾರೇಜಿನ ಕೀಲಿಯನ್ನು ಜಾಗದ ಮಾಲೀಕರಿಗೆ ಕೊಟ್ಟೆವು. ಪಾನಾ, ಜಾಕು ಎಲ್ಲ ಗೋಣಿಚೀಲದಲ್ಲಿ ತುಂಬಿ ತಂದು ಅಟ್ಟದ ಮೇಲೆ ಇಟ್ಟಿದ್ದೇನೆ. ನಿನಗೆ ಬೇಕಾದರೆ ಒಯ್ಯಿ.

ಮೊನ್ನೆ ಲಗಮಪ್ಪ ಬಂದಿದ್ದ. ಬುಧವಾರಕ್ಕೊಮ್ಮೆ ಟೆಂಪೋದಲ್ಲಿ ಸೀರೆಯ ಗಂಟು ಹೇರಿಕೊಂಡು ನಿಮ್ಮ ಬೀಳಗಿಗೆ ಬರುತ್ತಾನಲ್ಲ, ಅವನೇ. ಒಳಗೆ ಬಾ ಅಂದರೂ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಹೇಳಿದ:

"ತಂಗೆವ್ವಾ, ನಿಮ್ಮಣ್ಣ ಕೆಂಪು ಗಾಡಿ ಮಾರಾಕತ್ತಾನ. ಸಾಂಗ್ಲಿ ಮಂದಿ ಬಂದು ನೋಡಿ ಹೋಗ್ಯಾರ. ಬರೂ ವಾರ ಒಯ್ತಾರಂತ. ಅದು ಹೋದ ಮ್ಯಾಲ ಬನಹಟ್ಟಿಗೂ ನನಗೂ ಏನೂ ಉಳಿಯಂಗಿಲ್ಲ, ತಂಗಿಗೆ ಹೇಳ ಅಂದ."

ಅಣ್ಣಾ, ಈ ಪತ್ರ ಓದುವ ತನಕ ಮಾರಬೇಡ. ಓದಿದ ಮೇಲೆ ನಿನ್ನ ಮನಸ್ಸು.

ನಮ್ಮವರಿಗೆ ಮಣ್ಣು ಕೊಟ್ಟ ದಿನ ಅತ್ತೆ ಆಡಿದ ಮಾತನ್ನು ನೀನು ಕೇಳಿಸಿಕೊಂಡೆ. ನೂರು ಮಂದಿಯ ಮುಂದೆ ಅಂದರು: "ನನ್ನ ಮಗನ ಗಾಡಿ ಮ್ಯಾಲ ಕಣ್ಣ ಹಾಕಿದಿ. ಕೊಟ್ಟ. ಆವತ್ತಿನಿಂದ ಒಳಗಿಂದೊಳಗ ಕೊರಗಿ ಹ್ವಾದ." ನೀನು ಕೈಕಾಲು ತೊಳೆಯದೆ ಹಾಗೇ ಹೊರಟುಬಿಟ್ಟೆ. ನಾನು ಬಾಯಿ ತೆರೆಯಬೇಕಾಗಿತ್ತು. ತೆರೆಯಲಿಲ್ಲ. ಅವತ್ತು ಸುಮ್ಮನಿದ್ದದ್ದಕ್ಕೆ ಇವತ್ತು ಬರೆಯುತ್ತಿದ್ದೇನೆ.

ಕೆಂಪು ಗಾಡಿಯನ್ನು ನೀನು ಕೇಳಿರಲಿಲ್ಲ. ಅದನ್ನು ಬಿಡಿಸಿದವಳು ನಾನು.

ಆ ಗಾಡಿ ಅವರಿಗೆ ಏನಾಗಿತ್ತು ಎಂದು ನಿನಗೆ ಹೇಳಬೇಕಾಗಿಲ್ಲ. ಕೊಲ್ಲಾಪುರದಿಂದ ಮುರಿದು ಮುದ್ದೆಯಾದ ಕಾರನ್ನು ಎಳೆದು ತಂದು, ನಾಲ್ಕು ವರ್ಷ ಗ್ಯಾರೇಜಿನ ಹಿಂದೆ ಕಟ್ಟಿದರು. ಸೈಲೆನ್ಸರ್ ಬದಲಿಸಿದರು. ಎಂಜಿನ್ನಿಗೆ ಲ್ಯಾಪ್‌ಟಾಪ್ ಹಚ್ಚಿ ಓಟ ಹೆಚ್ಚಿಸಿದರು. ಅಗಲದ ಟೈರು ಹಾಕಿ, ನೆಲಕ್ಕೆ ತಾಗುವಷ್ಟು ಕೆಳಗಿಳಿಸಿದರು. ಕಾಲುವೆಯ ತಿರುವಿನಲ್ಲಿ ಬಂದರೆ ನಮ್ಮ ಓಣಿಯ ಮಗ್ಗಗಳ ಸಪ್ಪಳವನ್ನು ಸೀಳಿಕೊಂಡು ಕೇಳುತ್ತಿತ್ತು. ಎದುರುಮನೆಯ ಕಸ್ತೂರೆವ್ವ ಕೂತಲ್ಲಿಂದಲೇ ಕೂಗುತ್ತಿದ್ದಳು, "ಮಧೂ, ನಿನ್ನ ಗಂಡ ಕಾಲುವಿ ದಾಟಿದ, ಚಾ ಇಡ ಬೇ." ಕಂಡಿಕೆ ಒಯ್ಯಲು ಬಂದ ಹೆಂಗಸರೆಲ್ಲ ನಗುತ್ತಿದ್ದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. ಆದರೂ ಚಹಾ ಕುದಿಯುವುದಕ್ಕೂ ಅವರು ಬರುವುದಕ್ಕೂ ಸರಿಹೋಗುತ್ತಿತ್ತು.

ಮನೆಯ ಮುಂದೆ ಬಂದು ಅವರು ಎಂದೂ ಹಾರ್ನ್ ಹೊಡೆದವರಲ್ಲ. ಮದುವೆಯಾದ ಹೊಸದರಲ್ಲಿ ಯಾಕೆ ಎಂದು ಕೇಳಿದ್ದೆ. "ಹಾರ್ನ್ ಹೊಡದು ಕರಿಯಾಕ ನೀ ಏನ್ ಆಳ ಮನಷ್ಯಾಳನ?" ಅಂದರು. ಆಕ್ಸಿಲರೇಟರ್ ಎರಡು ಸಲ ಒತ್ತುತ್ತಿದ್ದರು. ಗಾಡಿ ಎರಡು ಸಲ ಗುರ್ ಅನ್ನುತ್ತಿತ್ತು. ನಾನು ಹೋಗಿ ಗೇಟು ತೆಗೆಯುತ್ತಿದ್ದೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಮುಧೋಳಕ್ಕೆ ಮದುವೆಗೆ ಹೋಗಿದ್ದೆವು. ಗಾಡಿ ಅಷ್ಟು ಕೆಳಗಿದ್ದುದರಿಂದ ರಸ್ತೆಯಲ್ಲಿ ಹಂಪ್ ಬಂದರೆ ನಾನು ಇಳಿಯಬೇಕು. ಅವರು ಗಾಡಿಯನ್ನು ಓರೆಯಾಗಿ ಹತ್ತಿಸಿ ಇಳಿಸುತ್ತಾರೆ, ನಾನು ನಡೆದು ದಾಟಿ ಮತ್ತೆ ಹತ್ತುತ್ತೇನೆ. ಅವತ್ತು ಬಸ್‌ಸ್ಟ್ಯಾಂಡಿನ ಎದುರಿಗೇ ಹಂಪ್. ಇಳಕಲ್ ಸೀರೆ ಉಟ್ಟು, ತಲೆತುಂಬ ಹೂ ಮುಡಿದು ಇಳಿದೆ. ಕಟ್ಟೆಯ ಮೇಲೆ ಕೂತಿದ್ದ ಹುಡುಗರು ನೋಡುತ್ತಿದ್ದರು. ಒಬ್ಬ ಅಂದ, "ಅಕ್ಕಾರ, ದಬ್ಬಬೇಕೇನ್ರಿ?" ಎಲ್ಲರೂ ಹೋ ಎಂದು ನಕ್ಕರು.

ವಾಪಸು ಬರುವಾಗ ಪೆಟ್ರೋಲ್ ಹಾಕಿಸಲು ಗಾಡಿ ಬಂದ್ ಮಾಡಿದಾಗ ಅವರ ಮುಖ ನೋಡದೆ ಹೇಳಿದೆ, "ನನಗ ನಾಚಿಕಿ ಆಗತೈತ್ರಿ. ಸಪ್ಪಳ ಮಾಡದ ಗಾಡಿ ಒಂದು ಇದ್ರ ಛಲೋ ಇತ್ತು." ಮದುವೆಯಾಗಿ ಮೂರು ವರ್ಷದಲ್ಲಿ ನಾನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅವರು ಮನೆಯ ತನಕ ಗಾಡಿಯನ್ನು ಮೆಲ್ಲಗೆ ನಡೆಸಿದರು.

ಒಂದು ತಿಂಗಳೊಳಗೆ ಸಕ್ಕರೆ ಕಾರ್ಖಾನೆಯ ಒಬ್ಬ ಅಧಿಕಾರಿ ಮಾರಿದ ಬೂದುಬಣ್ಣದ ಪೆಟ್ರೋಲ್ ಗಾಡಿ ಬಂತು. ಕೆಂಪು ಗಾಡಿ ನಿನ್ನ ಕಡೆ ಬಂತು. ನಿನ್ನನ್ನು ಕರೆಸಿ, "ನೀ ಒಯ್ಯಿ, ಹೊರಗಿನವರಿಗೆ ಕೊಡಾಕ ಮನಸಾಗವಲ್ದು" ಎಂದು ಅವರೇ ಹೇಳಿದ್ದು. ಆದರೆ ಅತ್ತೆ ಕೇಳಿದಾಗ, "ಗಿರಮಲ್ಲಪ್ಪ ಆಸೆಪಟ್ಟು ಕೇಳಿದ, ಇಲ್ಲ ಅನ್ನಾಕ ಆಗಲಿಲ್ಲ" ಅಂದುಬಿಟ್ಟರು. ಹೆಂಡತಿಯ ಮಾತು ಕೇಳಿ ಬಿಟ್ಟ ಅನ್ನಿಸಿಕೊಳ್ಳಬಾರದು ಎಂದಲ್ಲ. ನನ್ನನ್ನು ಯಾರೂ ಏನೂ ಅನ್ನಬಾರದು ಎಂದು. ನಾನು ಒಲೆಯ ಮುಂದೆ ನಿಂತು ಕೇಳಿಸಿಕೊಂಡೆ. ಸುಮ್ಮನಾದೆ. ಒಂದು ಸಣ್ಣ ಸುಳ್ಳು, ನಿನಗೇನು ನೋವಾಗುತ್ತದೆ ಎಂದುಕೊಂಡೆ.

ಹೊಸ ಗಾಡಿ ಬಂದ ದಿನ ಅವರು ಸ್ಟೀಲ್ ಗ್ಲಾಸಿನ ತುಂಬ ನೀರು ತರಿಸಿ, ಎಂಜಿನ್ ಚಾಲೂ ಮಾಡಿ, ಮುಂದಿನ ಬಾನೆಟ್ಟಿನ ಮೇಲೆ ಇಟ್ಟರು. ಒಂದು ಹನಿ ಚೆಲ್ಲಲಿಲ್ಲ. ಲಗಮಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದು ಅಂದ:

"ಏನಪಾ ಶಿವಯೋಗಿ, ರಿಟೈರ್ ಆದೆನ? ಇದರಾಗ ಕುಂದ್ರಬೇಕಂದ್ರ ಟೈ ಕಟ್ಕೋಬೇಕಲೇ."

"ನಿನ್ನ ಟೆಂಪೋದಾಂಗ ಹೊಗಿ ಉಗುಳಂಗಿಲ್ಲ, ಸುಮ್ನಿರ."

"ಖರೆ ಹೇಳ, ಚಾಲೂ ಐತೋ ಬಂದೈತೋ?"

"ಮುಟ್ಟಿ ನೋಡ. ಮುಟ್ಟಿದ್ರ ಅಷ್ಟ ಗೊತ್ತಾಗತೈತಿ."

ಎಲ್ಲರೂ ನಕ್ಕರು. ಅವರೂ ನಕ್ಕರು. ಆದರೆ ನೀನು ಕೆಂಪು ಗಾಡಿಯನ್ನು ಓಣಿಯಿಂದ ಹೊರಗೆ ಒಯ್ಯುವಾಗ ಅವರು ಕಿಟಕಿಗೆ ಬಗ್ಗಿ, "ಎರಡನೇ ಗೇರಿನ್ಯಾಗ ಅದಕ್ಕ ಜೋರ ಮಾಡಬ್ಯಾಡ, ತಾನ ಹೊಕ್ಕೈತಿ" ಅಂದದ್ದು ನಿನಗೆ ನೆನಪಿರಬಹುದು. ನೀನು ಹೋದ ಮೇಲೆ, ಸಪ್ಪಳ ಕಾಲುವೆ ದಾಟಿ ಮುಗಿಯುವ ತನಕ ಗೇಟಿನ ಹತ್ತಿರವೇ ನಿಂತಿದ್ದರು. ನಾನು ಹಿಂದಿನಿಂದ ನೋಡಿದೆ.

ಆಮೇಲಿನ ನಾಲ್ಕು ತಿಂಗಳು ಚೆನ್ನಾಗಿದ್ದೆವು ಅಣ್ಣಾ. ಇದನ್ನೂ ಹೇಳಬೇಕು. ಕೆಂಪು ಗಾಡಿಯಲ್ಲಿ ಮಾತಾಡಿದರೆ ಕೇಳುತ್ತಿರಲಿಲ್ಲ. ಮೂರು ವರ್ಷ ಪಕ್ಕದಲ್ಲಿ ಕೂತು ಕೈಸನ್ನೆ ಮಾಡುತ್ತಿದ್ದೆವು. ಈ ಗಾಡಿಯಲ್ಲಿ ನನ್ನಂಥವಳ ದನಿಯೂ ಕೇಳುತ್ತಿತ್ತು. ಜಮಖಂಡಿಯಿಂದ ಬರುವಷ್ಟರಲ್ಲಿ ಸಣ್ಣಂದಿನ ಕಥೆಯೆಲ್ಲ ಹೇಳಿಸಿಕೊಳ್ಳುತ್ತಿದ್ದರು. ನೀನು ಹೊಳೆಯಲ್ಲಿ ಚಪ್ಪಲಿ ಕಳೆದುಕೊಂಡದ್ದನ್ನೂ ಹೇಳಿದ್ದೇನೆ, ಸಿಟ್ಟಾಗಬೇಡ. ಮೊದಲ ಸಲ ಹಂಪ್ ಬಂದಾಗ ಅವರು ರೂಢಿಯಂತೆ ನಿಲ್ಲಿಸಿದರು. ನಾನು ರೂಢಿಯಂತೆ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟೆ. ಇಬ್ಬರೂ ಮುಖ ನೋಡಿಕೊಂಡೆವು. ಹಿಂದಿನ ಬಸ್ಸಿನವನು ಬೈಯುವ ತನಕ ನಕ್ಕೆವು.

ಮನೆಯ ಮುಂದೆ ಬಂದಾಗ ಮಾತ್ರ ಅವರಿಗೆ ತೋಚುತ್ತಿರಲಿಲ್ಲ. ಎರಡು ಸಲ ಆಕ್ಸಿಲರೇಟರ್ ಒತ್ತುತ್ತಿದ್ದರಂತೆ. ಹೊರಗೆ ಮಗ್ಗ, ಒಳಗೆ ನನ್ನ ಕಂಡಿಕೆಯ ಮಶೀನು. ಏನೂ ಕೇಳುತ್ತಿರಲಿಲ್ಲ. ಇಳಿದು ತಾವೇ ಗೇಟು ತೆಗೆದುಕೊಂಡು ಒಳಗೆ ಬಂದು, "ಸಾಹೇಬ್ರು ಬಂದಾರ, ಚಾ ಆತೇನ್ರಿ?" ಅನ್ನುತ್ತಿದ್ದರು. ಚಹಾ ಆಗಿರುತ್ತಿರಲಿಲ್ಲ.

ಸೆಪ್ಟೆಂಬರ್‌ನ ಆ ಮಧ್ಯಾಹ್ನವೂ ಹಾಗೇ. ಎದೆ ಹಿಡಿದಂತಾಗಿ ಗ್ಯಾರೇಜು ಅರ್ಧಕ್ಕೇ ಮುಚ್ಚಿ ಬಂದರಂತೆ. ಗೇಟಿನ ಹೊರಗೆ ಗಾಡಿ ನಿಂತದ್ದು ನನಗೆ ಗೊತ್ತಾಗಲಿಲ್ಲ. ಒಂದು ಗಂಟೆ ನಿಂತಿತ್ತು. ಫೋನು ಸೀಟಿನ ಕೆಳಗೆ ಬಿದ್ದಿತ್ತು. ಆಮೇಲೆ ಕಸ್ತೂರೆವ್ವ ಬಂದು, "ಮಧೂ, ನಿನ್ನ ಗಂಡ ಗಾಡ್ಯಾಗ ಮಲಗ್ಯಾನಲ್ಲ, ಎಬ್ಬಸ ಹೋಗ" ಅಂದಳು. ಹೋದೆ. ಬಾಗಿಲು ತೆಗೆದರೆ ಒಳಗೆ ತಣ್ಣಗಿನ ಗಾಳಿ ಇನ್ನೂ ಬರುತ್ತಿತ್ತು. ಅವರಿಗೆ ಮೂವತ್ತೈದು ವರ್ಷ.

ಅತ್ತೆ ಹೇಳಿದಂತೆ ಅವರು ಕೊರಗಿ ಹೋದವರಲ್ಲ. ಹೃದಯದ ಬೇನೆ, ಮೊದಲೇ ಇತ್ತು ಎಂದು ಡಾಕ್ಟರು ಹೇಳಿದರು. ಕೊರಗಿದ್ದರೂ ಅದಕ್ಕೆ ನೀನು ಕಾರಣನಲ್ಲ.

ಹೋದ ಗುರುವಾರ ಅತ್ತೆಗೆ ಎಲ್ಲ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ನನ್ನನ್ನು ಹೊರಗೆ ಹಾಕುತ್ತಾರೆ ಎಂದುಕೊಂಡೆ.

"ನೀ ಕೇಳಿದಿ, ಅಂವ ಕೊಟ್ಟ. ಗಂಡಾ ಹೆಂಡ್ತಿ ನಡುವಿನ ಮಾತು. ಅದರಾಗ ಗಿರಮಲ್ಲಂದೇನೈತಿ?" ಅಂದರು.

"ಮಂದ್ಯಾಗ ಅಂದಬಿಟ್ರಿ, ಅತ್ತಿ."

"ಅಂದ್ನಿ. ನೀ ಅಲ್ಲೇ ನಿಂತಿದ್ದಿ. ಬಾಯಾಗ ಏನ್ ನೀರ ಹಾಕ್ಕೊಂಡಿದ್ದಿ?" ಆಮೇಲೆ ಮೊರ ಕೆಳಗಿಟ್ಟು, "ಬಾ ಅಂತ ಬರಿ ಅವಗ. ಮಂದ್ಯಾಗ ಅಂದದ್ದು ಮಂದ್ಯಾಗ ಹಿಂದಕ್ಕ ತಗೋತೇನಿ. ಕಸ್ತೂರೀನ್ನ, ಲಗಮ್ಯಾನ್ನ, ಎಲ್ಲಾರ್ನೂ ಕರೀತೇನಿ" ಅಂದರು.

ಹಾಗಾಗಿ ಬಾ. ಕೆಂಪು ಗಾಡಿಯನ್ನು ಮಾರುವುದೋ ಬಿಡುವುದೋ ಆಮೇಲೆ ನೋಡೋಣ. ಬರುವುದಾದರೆ ಅದರಲ್ಲೇ ಬಾ. ನನಗೆ ಈಗ ನಾಚಿಕೆ ಆಗುವುದಿಲ್ಲ.

ವೈನಿಗೆ ನನ್ನ ನಮಸ್ಕಾರ. ಪುಟ್ಟನಿಗೆ ಈ ಅತ್ತೆಯ ಆಶೀರ್ವಾದ. ಅವನು ಗಟ್ಟಿಮುಟ್ಟಾಗಿ ಬೆಳೆಯಲಿ. ನಿಮ್ಮ ಮನೆಯಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಮನೆ ಸೇರುವಂತಾಗಲಿ.

ನಿನ್ನ ತಂಗಿ,
ಮಧುಮತಿ

ತಾ.ಕ.: ಪಾಕೀಟು ಅಂಟಿಸಿದ್ದೆ. ಮತ್ತೆ ಬಿಚ್ಚಿದೆ.

ಗಾಡಿ ಬಂದದ್ದು ಗೊತ್ತಾಗಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ, ಮೇಲೆ ನಿನಗೂ ಹಾಗೆಯೇ ಬರೆದಿದ್ದೇನೆ. ಎಂಜಿನ್ನಿನ ಸಪ್ಪಳ ಕೇಳಲಿಲ್ಲ, ಅದು ಖರೆ. ಆದರೆ ಹಾರ್ನ್ ಕೇಳಿತ್ತು. ಒಂದು ಸಲ ಉದ್ದಕ್ಕೆ, ಸ್ವಲ್ಪ ಹೊತ್ತು ಬಿಟ್ಟು ಸಣ್ಣಗೆ ಎರಡು ಸಲ. ಅತ್ತೆ ಮನೆಯಲ್ಲಿರಲಿಲ್ಲ. ನಾನೊಬ್ಬಳೇ ಇದ್ದೆ. ಕೈಯಲ್ಲಿದ್ದ ಕಂಡಿಕೆಯನ್ನು ಕೆಳಗಿಡಲಿಲ್ಲ. ಯಾರೋ ಯಾರನ್ನೋ ಕರೆಯುತ್ತಿದ್ದಾರೆ, ಹಾರ್ನ್ ಹೊಡೆದು ಕರೆಯುವ ಮಂದಿ ಎಂಥವರೋ, ನಮ್ಮವರು ಹಾಗಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವಾಗ ಮನಸ್ಸಿನಲ್ಲಿ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಇದನ್ನು ಅತ್ತೆಗೆ ಹೇಳಿಲ್ಲ. ಹೇಳಬೇಕೋ ಬೇಡವೋ, ನೀನು ಬಂದು ಹೇಳು.

ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯುವಾಗ ಓಣಿಯಲ್ಲಿ ಹಾರ್ನ್ ಆಯಿತು. ಹಿಟ್ಟಿನ ಕೈಯಲ್ಲೇ ಹೊರಗೆ ಹೋಗಿ ಗೇಟು ತೆಗೆದು ನೋಡಿದೆ. ಸಿಲಿಂಡರಿನ ಗಾಡಿ, ಕಸ್ತೂರೆವ್ವನ ಮನೆಗೆ ಬಂದಿತ್ತು. ಅವನು ಸಿಲಿಂಡರ್ ಇಳಿಸಿ ಹೋಗುವ ತನಕ ಅಲ್ಲೇ ನಿಂತಿದ್ದೆ.