ಮೂರು ದಿನದ ಮದ್ದು

ವೇಣೂರು
17 ಆಗಸ್ಟ್ 2024

ಪ್ರೀತಿಯ ಸಾತ್ವಿಕಾ,

ಅಮ್ಮನ ಆಶೀರ್ವಾದ. ಈ ಕಾಲದಲ್ಲಿ ಕಾಗದವಾ ಎಂದು ನಗಬೇಡ. ಫೋನಿನಲ್ಲಿ ಹೇಳುವ ಅಂದರೆ ಅಪ್ಪ ಈಗ ಹೊತ್ತಿಡೀ ಮನೆಯಲ್ಲೇ. ನನ್ನ ಪಿಸುಮಾತೂ ಹಿತ್ತಲಿನವರೆಗೆ ಕೇಳುತ್ತದೆಂದು ನಿನಗೆ ಗೊತ್ತೇ ಉಂಟಲ್ಲ. ಮೂರು ಸಲ ಬರೆದು ಹರಿದೆ, ಅದಕ್ಕೇ ಇಷ್ಟು ತಡ. ಪಕ್ಕದ ಮನೆಯ ಸುಲೈಮಾನ್ ರಜೆ ಮುಗಿಸಿ ನಾಳೆ ಮಸ್ಕತ್ತಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಜೊತೆಗೆ ಹಲಸಿನ ಹಪ್ಪಳವೂ ಉಂಟು.

ಅಪ್ಪನ ಹಣೆಯ ಎಡಭಾಗ, ಎಡಗಣ್ಣಿನ ರೆಪ್ಪೆ, ಮೂಗಿನ ತುದಿಯಲ್ಲೆಲ್ಲ ಗುಳ್ಳೆ ಎದ್ದ ಫೋಟೋ ನಿನಗೆ ಕಳಿಸಿದ್ದೆನಲ್ಲ. "ಆಸ್ಪತ್ರೆಗೆ ಹೋಗಿ ಬಂದೆವು, ಕಡಿಮೆ ಆಗ್ತಾ ಉಂಟು" ಎಂದು ಮರುದಿನ ನಾನು ಹೇಳಿದ್ದು ಸುಳ್ಳು ಮಗಾ. ಅದು ಸರ್ಪಸುತ್ತು. ಸರ್ಪಸುತ್ತಿಗೆ ನಮ್ಮಲ್ಲಿ ಯಾರು ಆಸ್ಪತ್ರೆಗೆ ಹೋಗಿದ್ದಾರೆ ಹೇಳು? ಪುತ್ತಿಗೆಯಲ್ಲಿ ಮದ್ದು ಕೊಡುವ ಅಜ್ಜನ ಬಳಿಗೆ ಕರೆದುಕೊಂಡು ಹೋದೆ. ಅವರು ಸೊಪ್ಪಿನ ರಸದಲ್ಲಿ ಕಾವಿಮಣ್ಣು ಕಲಸಿ ಗುಳ್ಳೆಗಳ ಸುತ್ತ ಗೆರೆ ಎಳೆದರು. "ಮೂರು ದಿನ ಮೀನು ಬೇಡ, ಮುಖಕ್ಕೆ ನೀರು ಬೇಡ. ಇಂಗ್ಲಿಷ್ ಮದ್ದು ಮುಟ್ಟಲೇಬಾರ್ದು, ಸುತ್ತು ಜೋರಾಗ್ತದೆ" ಅಂದರು. ನನ್ನ ಬೆನ್ನಿಗೆ ಎದ್ದಾಗ ಅವರ ಮದ್ದಿನಲ್ಲೇ ಹೋಗಿತ್ತು. ನರ್ಸಿನ ಅಮ್ಮನಾಗಿ ಹೀಗೆ ಮಾಡಿದೆ ಎಂದು ನಿನಗೆ ಸಿಟ್ಟು ಬಂದರೆ ಬರಲಿ.

ನಾಲ್ಕನೆಯ ದಿನ ರೆಪ್ಪೆ ಊದಿ ಮುಚ್ಚಿಕೊಂಡಿತು. ಐದನೆಯ ದಿನ ಬಿಡಿಸಿ ನೋಡಿದರೆ ಕಣ್ಣುಗುಡ್ಡೆಯ ಮೇಲೆ ಗಂಜಿಯ ತಿಳಿಯಂಥ ಬಿಳುಪು. ಮೂಡುಬಿದಿರೆಯ ಕಣ್ಣಿನ ಡಾಕ್ಟರು ಬೈಯಲಿಲ್ಲ. "ಮೊದಲ ಮೂರು ದಿನದೊಳಗೆ ಬಂದಿದ್ರೆ ಮಾತ್ರೆಯಲ್ಲಿ ತಡೀಬಹುದಿತ್ತೇನೋ ಅಮ್ಮ. ಇನ್ನು ಕಲೆ ಉಳೀತದೆ, ಆ ಕಣ್ಣು ಸರಿಯಾಗಿ ಕಾಣುವುದು ಕಷ್ಟ" ಅಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಇಪ್ಪತ್ತಾರು ವರ್ಷ ಬಿ.ಸಿ.ರೋಡಿಗೆ ಬಸ್ಸು ಓಡಿಸಿದ ಮನುಷ್ಯ ನಿನ್ನೆ ಚಾವನ್ನು ಲೋಟದ ಪಕ್ಕಕ್ಕೆ ಹೊಯ್ದರು. "ಲೋಟ ಯಾಕೆ ಸರಿಸಿದ್ದು ಮಾರಾಯ್ತಿ?" ಎಂದು ನನ್ನ ಮೇಲೇ ರೇಗಿದರು. ನಾನು ಮುಟ್ಟಿಯೂ ಇರಲಿಲ್ಲ, ಆದರೂ ಹೌದೆಂದು ಒಪ್ಪಿಕೊಂಡೆ. ಬಸ್ಸಿನ ಧಣಿ ಬಂದು "ಮುಂಡಪ್ಪಣ್ಣ, ಗುಣ ಆದ ಮೇಲೆ ನೋಡುವ" ಎಂದು ಹೇಳಿ ಬೇರೆ ಡ್ರೈವರನ್ನು ಹಾಕಿದ್ದಾರೆ. ಬೆಳಗ್ಗೆ ಆ ಬಸ್ಸಿನ ಹಾರ್ನ್ ಕೇಳಿದ ಕೂಡಲೇ ಅಪ್ಪ ತಿಂಡಿ ಅರ್ಧಕ್ಕೆ ಬಿಟ್ಟು ಏಳುತ್ತಾರೆ, ಮತ್ತೆ ಕೂರುತ್ತಾರೆ. ನನಗೆ ನೋಡಲು ಆಗುವುದಿಲ್ಲ. ಎಂಥ ಮಾಡುವುದೆಂದೂ ತೋಚುವುದಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಶಶಿಪ್ರಭಾ

ತಾ.ಕ.: "ಮೂಗಿನ ತುದಿಗೆ ಬಂದರೆ ಕಣ್ಣಿಗೂ ಇಳಿಯಬಹುದು, ಅಪ್ಪನನ್ನು ಇವತ್ತೇ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗು" ಎಂದು ನೀನು ಕಳಿಸಿದ ಮೆಸೇಜನ್ನು ನಾನು ಆಗಲೇ ಓದಿದ್ದೆ. ಪಥ್ಯ ಕೆಡುತ್ತದೆಂದು ಅಪ್ಪನಿಗೆ ತೋರಿಸಲಿಲ್ಲ. ಡಾಕ್ಟರಲ್ಲಿಂದ ಬರುವಾಗ ಅಪ್ಪ ಕೇಳಿದರು: "ನಮ್ಮ ಮಗಳು ನರ್ಸ್ ಅಲ್ವಾ? ಫೋಟೋ ನೋಡಿಯೂ ಒಂದು ಮಾತು ಹೇಳ್ಲಿಲ್ಲವಲ್ಲ." ನೀನು ಫೋನ್ ಮಾಡಿದಾಗೆಲ್ಲ ಅವರು ಎದ್ದು ಹಿತ್ತಲಿಗೆ ಹೋಗುವುದು ಅದಕ್ಕೇ. ಇವತ್ತಿಗೂ ನಾನು ಬಾಯಿ ಬಿಟ್ಟಿಲ್ಲ.